ಕೋಳಿ ಇಲ್ಲದ ಲೆಕ್ಕ

ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೊನ್ನಾಳಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು, ಸರ್ವಮಂಗಳಮ್ಮ. ಸ್ಟಾಫ್ ರೂಮಿನಲ್ಲಿ ಗಣಿತದವರು ಕೂರುವ ಮೂಲೆಗೆ ಬೆನ್ನು ಹಾಕಿ ಕೂರುವುದು ನನ್ನ ಅಭ್ಯಾಸವಾಗಿತ್ತು. ಅಂಥವಳು ನಿವೃತ್ತಿಯಾದ ಮೇಲೆ, ಆರಾಮಾಗಿ ಹಪ್ಪಳ ಸಂಡಿಗೆ ಮಾಡಿಕೊಂಡಿರುವುದು ಬಿಟ್ಟು, ಒಬ್ಬ ಗಣಿತದ ಮೇಡಂ ಬಗ್ಗೆ ಬರೆಯಲು ಕೂತಿದ್ದೇನೆ. ಆ ಮೇಡಂ ಎಂಥವಳಿರಬೇಕು, ನೀವೇ ಲೆಕ್ಕ ಹಾಕಿ.

ಅವಳ ಹೆಸರು ಅಂಬಿಕಾ. ಜಗಳೂರು ಸೀಮೆಯವಳು. ಅಪ್ಪ ದೊಡ್ಡಣ್ಣ, ಅವ್ವ ಹೊನ್ನೂರಮ್ಮ. ಮೆಕ್ಕೆಜೋಳ, ಶೇಂಗಾ ಬೆಳೆಯುತ್ತಾ, ಕುರಿ ಕಾಯುತ್ತಾ ಬದುಕಿದ ಮನೆ. ಹೊನ್ನೂರಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮಗಳು ಬೆಳಗಿನ ಬಸ್ಸಿಗೆ ದಾವಣಗೆರೆ ಕಾಲೇಜಿಗೆ ಹೋದಷ್ಟು ವರ್ಷವೂ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದು ಕಟ್ಟಿಕೊಟ್ಟವಳು. ಬಿ.ಎಸ್‌ಸಿ. ಆಯಿತು, ಬಿ.ಇಡಿ. ಆಯಿತು. ಅಲ್ಲಿಂದ ಮುಂದೆ ಅಂಬಿಕಾಳ ಹಣೆಯಲ್ಲಿ ಬರೆದಿದ್ದು ಅತಿಥಿ ಶಿಕ್ಷಕಿಯ ಕೆಲಸ.

ಅತಿಥಿ ಶಿಕ್ಷಕಿ ಎಂದರೆ ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಮುಂದಿನ ವರ್ಷ ಅದೇ ಶಾಲೆಗೆ ಕರೆ ಬರುತ್ತದೆ ಎಂಬ ಭರವಸೆ ಇಲ್ಲ. ಒಂದು ವರ್ಷ ಜಗಳೂರಿನ ಹತ್ತಿರದ ಹಳ್ಳಿ, ಮತ್ತೊಂದು ವರ್ಷ ಸವಳಂಗ, ಆಮೇಲೆ ನ್ಯಾಮತಿ, ಆಮೇಲೆ ಚನ್ನಗಿರಿ. ಹೀಗೆ ಅವಳು ಬಸ್ ಕಂಡಕ್ಟರನಿಗಿಂತ ಹೆಚ್ಚು ಊರು ಸುತ್ತಿದಳು.

ನಮ್ಮ ಶಾಲೆಯಲ್ಲಿ ಗಣಿತಕ್ಕೆ ಖಾಯಂ ಹುದ್ದೆ ಖಾಲಿ ಇದೆ ಎಂದು ತಿಳಿದು ಅರ್ಜಿ ಹಾಕಿದ್ದಳು. ಆಯ್ಕೆಯ ದಿನ ಮೊದಲ ಬಸ್ಸಿಗೇ ಬಂದಿಳಿದಿದ್ದಳು. ಗೇಟಿನ ಬೀಗ ತೆಗೆಯುವುದಕ್ಕೂ ನಾನು ಬರುವುದಕ್ಕೂ ಸರಿಹೋಯಿತು. ಒಳಗೆ ಕರೆದು ಚಹಾ ಕೊಟ್ಟೆ. ಲೋಟ ಹಿಡಿದುಕೊಂಡು ಕೂತವಳ ಬಾಯಿ ಬಿಡಿಸುವುದು ನನಗೇನು ಕಷ್ಟ.

"ಎಂಟನೇ ಕ್ಲಾಸಿನ ಮಕ್ಕಳಿಗೆ ಲೆಕ್ಕದ ಹೆದರಿಕೆ ಬಿಡಿಸಾಕೇ ಒಂದು ವರ್ಷ ಹೋಗ್ತೈತೆ ಮೇಡಂ," ಎಂದಳು. "ಇನ್ನೇನು ಹೆದರಿಕೆ ಹೋತು ಅನ್ನೋಷ್ಟೊತ್ತಿಗೆ ನನ್ನ ವರ್ಷ ಮುಗೀತೈತೆ. ಮುಂದೆ ಆ ಮಕ್ಕಳು ಏನಾದ್ರು, ಎಸ್ಸೆಸ್ಸೆಲ್ಸಿ ದಾಟಿದ್ರೋ ಇಲ್ವೋ, ಒಂದೂ ತಿಳಿಯಲ್ಲ. ಒಂದೇ ಒಂದು ಕ್ಲಾಸನ್ನ ಎಂಟರಿಂದ ಹತ್ತರ ತನಕ ನಾನೇ ನಡೆಸ್ಕೊಂಡು ಹೋಗಬೇಕು ಅಂತ ಆಸೆ."

"ಇಲ್ಲಿ ಸಿಗದಿದ್ರೆ?"

"ಜಗಳೂರಿನಾಗೆ ಗೊಬ್ಬರದ ಅಂಗಡಿಯಾಗೆ ಬಿಲ್ ಬರೆಯಾಕೆ ಕರೆದಿದಾರೆ. ಅವ್ವಗೆ ಮಾತು ಕೊಟ್ಟು ಬಂದೀನಿ, ಇದೇ ಕೊನೆ ಸಲ ಅಂತ."

ನನಗೆ ಸಂಕಟವಾಯಿತು. ಇನ್ನೊಂದು ಲೋಟ ಚಹಾ ಬಗ್ಗಿಸಿ ಕೊಟ್ಟೆ.

ಈಗ ಆ ದಿನದ ಪರೀಕ್ಷೆಯ ವಿಷಯ ಹೇಳಬೇಕು. ಪ್ರತಿ ಅಭ್ಯರ್ಥಿಗೂ ಒಂದೇ ಲೆಕ್ಕದ ಚೀಟಿ. ಅದನ್ನು ಹತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಕೂತು ನೋಡುವವರು ಮೂವರು. ಒಬ್ಬರು ನಮ್ಮ ಸಂಸ್ಥೆಯ ಅಧ್ಯಕ್ಷರಾದ ಮಹೇಶ್ವರಪ್ಪನವರು. ನ್ಯಾಮತಿಯಲ್ಲಿ ದೊಡ್ಡ ಅಡಿಕೆ ವ್ಯಾಪಾರ; ನನಗೆ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಮನುಷ್ಯ ಒಳ್ಳೆಯವನೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ನೊಬ್ಬರು ಚನ್ನಗಿರಿಯಿಂದ ಕರೆಸಿದ್ದ ಬೋರಣ್ಣ ಮೇಷ್ಟ್ರು, ನಿವೃತ್ತ ಗಣಿತ ಶಿಕ್ಷಕರು. ಲೆಕ್ಕ ಕೊಟ್ಟವರೂ ಅವರೇ, ಅಂಕ ಹಾಕುವವರೂ ಅವರೇ. ಮೂರನೆಯವಳು ಶಿಕ್ಷಕರ ಪರವಾಗಿ ನಾನು. ಗಣಿತ ಬಾರದವಳನ್ನು ಗಣಿತದ ಆಯ್ಕೆಗೆ ಕೂರಿಸಿದ್ದು ಯಾರ ಜಾಣತನವೋ ಗೊತ್ತಿಲ್ಲ.

ಬೋರಣ್ಣ ಮೇಷ್ಟ್ರು ಹಿಂದಿನ ದಿನ ಫೋನಿನಲ್ಲಿ ಬರೆಸಿದ್ದ ಲೆಕ್ಕ ಹೀಗಿತ್ತು: ಒಂದು ದೊಡ್ಡಿಯಲ್ಲಿ ಕೋಳಿಗಳೂ ಆಕಳುಗಳೂ ಇವೆ. ತಲೆ ಎಣಿಸಿದರೆ ಅರವತ್ತು, ಕಾಲು ಎಣಿಸಿದರೆ ನೂರಾ ಎಪ್ಪತ್ತು. ಕೋಳಿ ಎಷ್ಟು, ಆಕಳು ಎಷ್ಟು? ಆಫೀಸಿನಲ್ಲಿ ಅದನ್ನು ಟೈಪ್ ಮಾಡುವಾಗ ನಮ್ಮ ಅಧ್ಯಕ್ಷರು ಅಲ್ಲೇ ಇದ್ದರು, ನಾನೂ ಇದ್ದೆ. ಶ್ರಾವಣದಲ್ಲಿ ಈರುಳ್ಳಿಯನ್ನೂ ಮುಟ್ಟದ ಮನುಷ್ಯ, ಕಂಪ್ಯೂಟರಿನ ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ಅಯ್ಯ, ನಮ್ಮ ಶಾಲೆ ಬೋರ್ಡಿನ ಮ್ಯಾಲೆ ಕೋಳಿ ಯಾಕ್ರಿ? ಗುರುಗಳ ಫೋಟೋ ಐತೆ ಅಲ್ಲಿ. ತೆಗೀರಿ ಅದನ್ನ. ಎಮ್ಮೆ ಅಂತ ಹಾಕ್ರಿ."

ಕೋಳಿ ಹೋಗಿ ಎಮ್ಮೆ ಬಂತು. ಅರವತ್ತು ತಲೆ, ನೂರಾ ಎಪ್ಪತ್ತು ಕಾಲು ಹಾಗೇ ಉಳಿದವು. ಇದು ಬೋರಣ್ಣ ಮೇಷ್ಟ್ರಿಗೆ ಹೇಳಬೇಕಾದ ವಿಷಯ ಎಂದು ಅಲ್ಲಿದ್ದ ಯಾರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಎಮ್ಮೆ ಬಂದರೆ ದೊಡ್ಡಿಗೆ ಶೋಭೆ ತಾನೇ?

ಮೊದಲು ಬಂದವನು ಪ್ರವೀಣ್ ಕುಮಾರ್, ಚನ್ನಗಿರಿಯಲ್ಲಿ ಟ್ಯೂಷನ್ ನಡೆಸುವವನು. ಇಸ್ತ್ರಿ ಮಾಡಿದ ಅಂಗಿ, ಗಂಟೆ ಹೊಡೆದ ಹಾಗೆ ದನಿ. ಚೀಟಿಯ ಮೇಲೆ ಕಣ್ಣಾಡಿಸಿದ. ಈ ಲೆಕ್ಕವನ್ನು ನೂರು ಸಲ ಮಾಡಿಸಿದ್ದ ಕೈ ಅದು. ಎಮ್ಮೆಗಳು x ಇರಲಿ, ಆಕಳುಗಳು y ಇರಲಿ ಎಂದು ಬಾಯಲ್ಲಿ ಹೇಳುತ್ತಾ ಬೋರ್ಡಿನ ಮೇಲೆ x + y = 60 ಎಂದು ಬರೆದ. ಅದರ ಕೆಳಗೆ 2x + 4y = 170 ಎಂದು ಬರೆದ. ಬರೋಬ್ಬರಿ ಬಿಡಿಸಿ x = 35, y = 25 ಎಂದು ಎರಡು ಗೆರೆ ಎಳೆದ. ಬೋರಣ್ಣ ಮೇಷ್ಟ್ರು ಮಾತಿಗೆ ಕಿವಿಗೊಡದೆ ಬೋರ್ಡಿನ ಅಂಕಿಯನ್ನಷ್ಟೇ ನೋಡಿ, ತಲೆದೂಗಿ ಅಂಕ ಹಾಕಿಕೊಂಡರು. ಅಧ್ಯಕ್ಷರು "ಭೇಷ್" ಎಂದರು. ಮಕ್ಕಳು ಇದ್ದದ್ದು ಇದ್ದ ಹಾಗೆ ಬರೆದುಕೊಂಡರು. ಮೂವತ್ತೈದು ಎಮ್ಮೆಗಳು ಎರಡೆರಡೇ ಕಾಲಿನ ಮೇಲೆ ನಮ್ಮೆಲ್ಲರ ಕಣ್ಣೆದುರೇ ನಡೆದು ಹೋದವು, ಒಬ್ಬರೂ ತಡೆಯಲಿಲ್ಲ. ಅವನ ನಂತರ ಬಂದವರೂ ಅದನ್ನೇ ಬರೆದು ಹೋದರು.

ಕೊನೆಗೆ ಅಂಬಿಕಾ ಬಂದಳು. ಚೀಟಿ ಓದಿದಳು. ಮತ್ತೆ ಓದಿದಳು. ಬೋರ್ಡಿನ ಕಡೆ ಕೈ ಎತ್ತಿ, ಹಾಗೇ ಇಳಿಸಿದಳು.

ಪಾಪ, ಹೆದರಿಬಿಟ್ಟಳು, ಗೊಬ್ಬರದ ಅಂಗಡಿಯೇ ಗತಿ ಎಂದುಕೊಂಡೆ. ಆದರೆ ಆಮೇಲೆ ಅವಳೇ ನನಗೆ ಹೇಳಿದ್ದು ಬೇರೆ. "ಇದು ಕೋಳಿ ಲೆಕ್ಕ ಅಂತ ನೋಡಿದ ಕೂಡಲೇ ಗೊತ್ತಾತು ಮೇಡಂ. ಮೂವತ್ತೈದು, ಇಪ್ಪತ್ತೈದು ಅಂತ ಮುಂದಿನ ಬೆಂಚಿನ ಹುಡುಗಿ ನೋಟ್ಸಿನಾಗೂ ಕಾಣ್ತಿತ್ತು. ಅದನ್ನ ಬರೆದ್ರೆ ಕೆಲಸ ಸಿಗಬಹುದು ಅಂತಾನೂ ಗೊತ್ತಿತ್ತು. ಆದ್ರೆ ಎಮ್ಮೆಗೆ ಎರಡು ಕಾಲು ಅಂತ ಮಕ್ಕಳ ಮುಂದೆ ಹೆಂಗೆ ಬರೀಲಿ?"

ಅವಳು ಮಕ್ಕಳ ಕಡೆ ತಿರುಗಿ ಕೇಳಿದಳು, "ಆಕಳಿಗೆ ಎಷ್ಟು ಕಾಲು?"

"ನಾಲ್ಕು ಮಿಸ್!"

"ಎಮ್ಮೆಗೆ?"

"ನಾಲ್ಕು..." ಎಂದ ಮಕ್ಕಳ ದನಿ ಅರ್ಧದಲ್ಲೇ ತಗ್ಗಿತು. ಕೆಲವರು ತಮ್ಮ ನೋಟ್ಸ್ ನೋಡಿಕೊಂಡರು.

ಅಂಬಿಕಾ x + y = 60 ಎಂದು ಬರೆದಳು. ಕೆಳಗೆ 4x + 4y = 170 ಎಂದು ಬರೆದಳು.

ನನ್ನ ಪಕ್ಕದಲ್ಲಿ ಅಷ್ಟೊತ್ತೂ ಅಂಕದ ಹಾಳೆಯಲ್ಲಿ ಮುಳುಗಿದ್ದ ಬೋರಣ್ಣ ಮೇಷ್ಟ್ರು ತಲೆ ಎತ್ತಿ ಬೋರ್ಡು ನೋಡಿ ಚಡಪಡಿಸಿದರು. ಹೆಣ್ಣುಮಗಳು ಗಾಬರಿಯಲ್ಲಿ ತಪ್ಪಿದ್ದಾಳೆ ಎಂಬ ಕನಿಕರ ಅವರಿಗೆ. ಎರಡು ಬೆರಳು ಎತ್ತಿ ತೋರಿಸಿ, "ಎರಡು... ಎರಡು x," ಎಂದು ಪಿಸುಗುಟ್ಟಿದರು. ಅವಳು ಅದನ್ನು ನೋಡಿದಳು. ನೋಡಿಯೂ ನಾಲ್ಕನ್ನು ಅಳಿಸಲಿಲ್ಲ.

"ಬಿಡಿಸಾಕೆ ಹೋಗೋಕ್ಕಿಂತ ಮುಂಚೆ, ಇದಕ್ಕೆ ಉತ್ತರ ಎಷ್ಟು ಅದಾವೆ ಅಂತ ನೋಡಾಣ," ಎಂದಳು ಮಕ್ಕಳಿಗೆ. "ಒಂದೇ ಉತ್ತರನಾ, ಬೇಕಾದಷ್ಟು ಉತ್ತರ ಅದಾವಾ, ಒಂದೂ ಇಲ್ವಾ? ಮೇಲಿನ x ಮುಂದೆ ಒಂದು, ಕೆಳಗಿನ x ಮುಂದೆ ನಾಲ್ಕು. ಮೇಲಿನ y ಮುಂದೆ ಒಂದು, ಕೆಳಗಿನ y ಮುಂದೆ ನಾಲ್ಕು. ಎರಡೂ ಕಡೆ ಒಂದಕ್ಕೆ ನಾಲ್ಕು. ಹಂಗಾದ್ರೆ ಈ ಬದಿ ಅರವತ್ತಕ್ಕೆ ಎಷ್ಟು ಇರಬೇಕಿತ್ತು?"

"ಇನ್ನೂರ ನಲವತ್ತು!"

"ಎಷ್ಟೈತೆ?"

"ನೂರಾ ಎಪ್ಪತ್ತು!"

ಬೋರ್ಡಿನ ಮೇಲೆ ಎರಡು ಅಕ್ಷ ಎಳೆದು ಎರಡು ಸಮೀಕರಣಕ್ಕೂ ಗೆರೆ ಹಾಕಿದಳು. ಒಂದು ಮೇಲೆ, ಒಂದು ಕೆಳಗೆ, ಎರಡೂ ಒಂದೇ ವಾರೆಯಲ್ಲಿ ಓಡಿದವು.

"ಕೂರಿಗೆಯಾಗೆ ಬಿತ್ತಿದ ಸಾಲು ನೋಡೀರಲ್ಲ? ಹೊಲದ ಬದುವಿನ ತನಕ ಹೋದ್ರೂ ಒಂದನ್ನೊಂದು ಕೂಡ್ತಾವಾ? ಇವೂ ಹಂಗೇ. ಕೂಡೋ ಜಾಗ ಇದ್ರೆ ಅದು ಉತ್ತರ. ಇಲ್ಲಿ ಕೂಡೋ ಜಾಗನೇ ಇಲ್ಲ. ಈ ಲೆಕ್ಕಕ್ಕೆ ಉತ್ತರ ಇಲ್ಲ."

ನಲವತ್ತು ವರ್ಷದ ಹಿಂದೆ ಯಾರಾದರೂ ನನಗೆ ಸಮಾಂತರ ರೇಖೆಯನ್ನು ಹೀಗೆ ಹೇಳಿದ್ದರೆ ನಾನೂ ಗಣಿತವನ್ನು ಇಷ್ಟು ಬೈಯುತ್ತಿರಲಿಲ್ಲವೇನೋ. ಆದರೆ ಅಣ್ಣನಿಗೆ ಕೂರಿಗೆಯ ಮಾತು ಕಿವಿಗೆ ಬೀಳಲಿಲ್ಲ.

"ಏನ್ರಿ ಮೇಡಂ ಇದು?" ಎಂದು ಕೂತಲ್ಲಿಂದಲೇ ಕೇಳಿದರು. "ಬೆಳಗ್ಗೆಯಿಂದ ಎಲ್ಲಾರೂ ಉತ್ತರ ತಂದು ತೋರ್ಸಿದಾರೆ. ನಿಮಗೆ ಬರದಿದ್ರೆ ಬರಲ್ಲ ಅನ್ರಿ. ಲೆಕ್ಕಕ್ಕೇ ಉತ್ತರ ಇಲ್ಲ ಅಂದ್ರೆ ಹೆಂಗೆ?"

ಅಂಬಿಕಾ ಚೀಟಿಯನ್ನು ಮುಂದೆ ಹಿಡಿದಳು.

"ಸರ್, ಅರವತ್ತು ದನ ಅಂದ್ರೆ ಇನ್ನೂರ ನಲವತ್ತು ಕಾಲು ಇರಲೇಬೇಕು. ನೂರಾ ಎಪ್ಪತ್ತು ಅಂತ ಬರೆದೈತೆ. ಎಪ್ಪತ್ತು ಕಾಲು ಕಡಿಮೆ ಬೀಳ್ತಾವೆ. ನಾನು ಎಷ್ಟು ಚೆನ್ನಾಗಿ ಬಿಡಿಸಿದ್ರೂ ಅವನ್ನ ಎಲ್ಲಿಂದ ತರಲಿ ಸರ್?"

ಹಿಂದಿನ ಬೆಂಚಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಬೋರಣ್ಣ ಮೇಷ್ಟ್ರು ನಗಲಿಲ್ಲ. ಎದ್ದು ನಿಂತು, "ಆ ಚೀಟಿ ಕೊಡಮ್ಮ ಇಲ್ಲಿ," ಎಂದು ಕೈ ಚಾಚಿದರು. ಬೆಳಗ್ಗೆಯಿಂದ ಅವರು ಆ ಚೀಟಿಯನ್ನು ನೋಡಿಯೇ ಇರಲಿಲ್ಲ. ತಾವೇ ಕೊಟ್ಟ ಲೆಕ್ಕ, ನೋಡುವುದೇನು ಎಂದು ಸುಮ್ಮನಿದ್ದವರು. ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿ ಸುತ್ತ ಎಲ್ಲರ ಮುಖ ನೋಡಿದರು.

"ನನ್ನ ಕೋಳಿ ಎಲ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಪಕ್ಕದಲ್ಲಿದ್ದ ಅಣ್ಣನ ಕಡೆ ತೋರಿಸಿದೆ. ಅಡಿಕೆ ಮಂಡಿಯಲ್ಲಿ ಯಾರಿಗೂ ಸೋಲದ ಮಹೇಶ್ವರಪ್ಪನವರು ಕತ್ತು ತುರಿಸಿಕೊಂಡರು.

"ನಾನೇ ತೆಗೆಸಿದ್ದು ಮೇಷ್ಟ್ರೇ. ಶಾಲೆಯಾಗೆ ಕೋಳಿ ಯಾಕೆ ಅಂತ..."

ಮೇಷ್ಟ್ರಿಗೆ ಆಗ ಎಲ್ಲ ಅರ್ಥವಾಯಿತು. ಆದರೆ ಅವರು ಹಳೇ ಹುಲಿ. ಈ ಹುಡುಗಿ ಅದೃಷ್ಟದಿಂದ ಹೇಳಿದಳೋ, ನಿಜವಾಗಿ ತಿಳಿದು ಹೇಳಿದಳೋ ನೋಡಬೇಕಿತ್ತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಸರಿಯಮ್ಮ, ನಾನು ಕಾಲು ಕೊಡ್ತೀನಿ ತಗೋ," ಎಂದರು. "ನೂರಾ ಎಪ್ಪತ್ತು ಬ್ಯಾಡ, ಇನ್ನೂರ ನಲವತ್ತೇ ಇಟ್ಕೋ. ಎಮ್ಮೆ, ಆಕಳು ಹಂಗೇ ಇರಲಿ. ಈಗ ಎಷ್ಟು ಉತ್ತರ?"

ಅಂಬಿಕಾಳ ಮುಖ ಅರಳಿತು. 170 ಅಳಿಸಿ 240 ಬರೆದಳು.

"ಈಗ ಮೂರೂ ಕಡೆ ಒಂದಕ್ಕೆ ನಾಲ್ಕು. ಮೇಲಿನ ಸಮೀಕರಣನ ನಾಲ್ಕರಿಂದ ಗುಣಿಸಿದ್ರೆ ಕೆಳಗಿಂದೇ ಬರ್ತೈತೆ. ಅಂದ್ರೆ ತಲೆ ಎಣಿಸಿದ್ರೂ ಕಾಲು ಎಣಿಸಿದ್ರೂ ನಮಗೆ ಗೊತ್ತಾಗೋ ಸಂಗತಿ ಒಂದೇ. ಹೊಸದು ಏನೂ ಸಿಕ್ಕಿಲ್ಲ. ಒಂದು ಗೆರೆ ಮ್ಯಾಲೆ ಇನ್ನೊಂದು ಗೆರೆ ಕೂತ್ಬಿಡ್ತೈತೆ. ಆ ಗೆರೆ ಮೇಲಿರೋ ಎಲ್ಲಾ ಬಿಂದುನೂ ಉತ್ತರನೇ. ಅಪರಿಮಿತ ಉತ್ತರ."

ಮೇಷ್ಟ್ರು "ಹ್ಞಾಂ" ಎಂದು ಕೂರಲು ಹೊರಟರು. ಅಷ್ಟರಲ್ಲಿ ಮುಂದಿನ ಬೆಂಚಿನ ರಮ್ಯಶ್ರೀ ಎದ್ದು ನಿಂತಳು. ವರ್ಷಗಟ್ಟಲೆ ನನ್ನ ತರಗತಿಯಲ್ಲಿ ತುಟಿ ಪಿಟಕ್ಕೆನ್ನದ ಹುಡುಗಿ ಅದು.

"ಮಿಸ್, ಅಪರಿಮಿತ ಹೆಂಗಾಗ್ತಾವೆ? ಇರೋದೇ ಅರವತ್ತು ತಲೆ. ಅರ್ಧ ಎಮ್ಮೆ ಇರಾಕೆ ಆಗಲ್ಲವಲ್ಲ?"

ಗಣಿತದ ಪಾಠದ ನಡುವೆ ಪ್ರಶ್ನೆ ಕೇಳಿದ ಮಕ್ಕಳಿಗೆ ಕೂತ್ಕೋ ಎನ್ನುವುದನ್ನೇ ನಾನು ಕೇಳಿದ್ದೆ. ಅಂಬಿಕಾ ಮಾತ್ರ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.

"ಎಂಥಾ ಮಾತು ಕೇಳಿದೆ ನೀನು! ಗೆರೆ ಮ್ಯಾಲೆ ಬಿಂದು ಲೆಕ್ಕ ಇಲ್ಲದಷ್ಟು. ಆದ್ರೆ ದೊಡ್ಡಿಯಾಗೆ? ಬರ್ರಿ, ನೀವೇ ಹೇಳ್ರಿ. ಎಮ್ಮೆ ಒಂದಾದ್ರೆ ಆಕಳು ಎಷ್ಟು?"

"ಐವತ್ತೊಂಬತ್ತು!"

"ಎಮ್ಮೆ ಎರಡಾದ್ರೆ?"

"ಐವತ್ತೆಂಟು!"

ತರಗತಿಯೇ ಎದ್ದು ನಿಂತಿತು. ಒಬ್ಬ ಎಮ್ಮೆ ಸೊನ್ನೆಯೂ ಆಗಬಹುದು, ಹಾಗಾದರೆ ಅರವತ್ತೊಂದು ಉತ್ತರ ಎಂದ. ರಮ್ಯಶ್ರೀ ಬಿಡಲಿಲ್ಲ. ಎಮ್ಮೆಗಳೂ ಆಕಳುಗಳೂ ಇವೆ ಎಂದು ಚೀಟಿಯಲ್ಲೇ ಇದೆ, ಸೊನ್ನೆ ಆಗುವಂತಿಲ್ಲ, ಐವತ್ತೊಂಬತ್ತೇ ಎಂದು ವಾದಿಸಿದಳು. ಇನ್ನೊಬ್ಬಳು ಎಮ್ಮೆಗಳು ಎಂದರೆ ಒಂದಕ್ಕಿಂತ ಹೆಚ್ಚಿರಬೇಕಲ್ಲ ಎಂದು ನನ್ನ ಮುಖ ನೋಡಿದಳು. ಕನ್ನಡದವಳನ್ನೂ ಎಳೆದು ತಂದರಲ್ಲ! ಸಂತೆಯಂತೆ ಗದ್ದಲವಾಯಿತು. ಗಂಟೆ ಹೊಡೆಯಿತು, ಒಂದು ಮಗುವೂ ಚೀಲ ಮುಟ್ಟಲಿಲ್ಲ. ಬೋರಣ್ಣ ಮೇಷ್ಟ್ರು ಅಂಕದ ಹಾಳೆಯನ್ನು ಬೆಂಚಿನ ಮೇಲೆ ಬಿಟ್ಟು, ಮಕ್ಕಳ ನಡುವೆ ಹೋಗಿ ತಾವೂ ವಾದಕ್ಕೆ ಇಳಿದುಬಿಟ್ಟಿದ್ದರು. ಇಷ್ಟು ವರ್ಷ ಆ ಕಟ್ಟಡದಲ್ಲಿ ದುಡಿದಿದ್ದೆ, ಗಣಿತದ ತರಗತಿಯಲ್ಲಿ ಅಷ್ಟು ಸಂತೋಷವನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ನಮ್ಮಣ್ಣ ಎದ್ದರು. ನಾನು ಮನೆದೇವರನ್ನು ನೆನೆದೆ, ಏಕೆಂದರೆ ಮಕ್ಕಳೆದುರು ಮುಖಭಂಗವಾದರೆ ಈ ಮನುಷ್ಯ ಏನು ಮಾಡಿಯಾರು ಎಂದು ಹೇಳಲು ಬರುವುದಿಲ್ಲ. ಅವರು ನಿಧಾನವಾಗಿ ಬೋರ್ಡಿನ ಹತ್ತಿರ ಹೋದರು. ಗುರುಗಳ ಫೋಟೋ ನೋಡಿದರು, ಗೆರೆಗಳನ್ನು ನೋಡಿದರು.

"ಮೇಡಂ, ಆ ಕೋಳಿನ ವಾಪಸ್ ತಂದ್ರೆ ಲೆಕ್ಕ ಸರಿಹೋಗ್ತೈತಾ?"

"ಹ್ಞೂಂ ಸರ್. ಕೋಳಿಗೆ ಎರಡೇ ಕಾಲು. ಆಗ x ಮುಂದೆ ಎರಡು, y ಮುಂದೆ ನಾಲ್ಕು. ಅನುಪಾತ ಬೇರೆ ಬೇರೆ ಆಗ್ತಾವೆ. ಗೆರೆಗಳು ಒಂದೇ ಒಂದು ಕಡೆ ಕೂಡ್ತಾವೆ. ಅದು ಒಂದೇ ಉತ್ತರ."

"ಹಂಗಾದ್ರೆ ಬರೀರಿ ಕೋಳಿ ಅಂತ. ದೊಡ್ಡದಾಗೇ ಬರೀರಿ. ಗುರುಗಳೂ ನೋಡಲಿ."

ಅಂಬಿಕಾ ಬೋರ್ಡಿನ ತುಂಬ "ಕೋಳಿ" ಎಂದು ಬರೆದಳು. ಮಕ್ಕಳು ಹೋ ಎಂದು ಕೂಗಿದರು. ಈ ಸಲ ಮೂವತ್ತೈದೂ ಇಪ್ಪತ್ತೈದೂ ನ್ಯಾಯವಾಗಿ ಬಂದವು, ಬೋರ್ಡಿನ ಮೇಲೆ ಎರಡು ಗೆರೆ ಒಂದೇ ಕಡೆ ಕತ್ತರಿಸಿದವು. ಹೊರಗೆ ಕಾರಿಡಾರಿನಲ್ಲಿ ಕಾಯುತ್ತಿದ್ದ ಪ್ರವೀಣ್ ಕುಮಾರ್ ಗದ್ದಲ ಕೇಳಿ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ. ಅವನು ಒಳಗೆ ಬಂದು, "ನನ್ನ ಟ್ಯೂಷನ್ನಿಗೆ ಒಂದು ದಿನ ಬಂದು ಇದನ್ನ ಹಿಂಗೇ ಹೇಳಿಕೊಡ್ರಿ ಮೇಡಂ," ಎಂದು ಕೈ ಮುಗಿದ. ದೊಡ್ಡ ಮನಸ್ಸಿನ ಹುಡುಗ.

ಆಯ್ಕೆಗೆ ಮತ್ತೆ ಚರ್ಚೆಯೇ ಬೇಕಾಗಲಿಲ್ಲ. ಅಂದೇ ಸಂಜೆ ಆಫೀಸಿಗೆ ಕರೆದು, ಅಣ್ಣ ಸಿಹಿ ಹಂಚಿದಷ್ಟು ಉದಾರವಾಗಿ ಹೇಳಿದರು. "ನಿಮ್ಮಂಥವರಿಗೆ ಹತ್ತನೇ ಕ್ಲಾಸೇ ಸರಿ ಮೇಡಂ. ರಿಸಲ್ಟ್ ಬರೋದು ಅಲ್ಲೇ, ಹೆಸರು ಬರೋದೂ ಅಲ್ಲೇ."

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬಿದ್ದು ಒಪ್ಪಿಕೊಳ್ಳುತ್ತಿದ್ದರು. ಅಂಬಿಕಾ ತಲೆಯಾಡಿಸಿದಳು.

"ನನಗೆ ಎಂಟನೇ ಕ್ಲಾಸು ಕೊಡ್ರಿ ಸರ್. ಮುಂದಿನ ವರ್ಷ ಅದೇ ಮಕ್ಕಳಿಗೆ ಒಂಬತ್ತು, ಅದರ ಮುಂದಿನ ವರ್ಷ ಅದೇ ಮಕ್ಕಳಿಗೆ ಹತ್ತು. ಆಮೇಲೆ ನೀವು ಏನು ಹೇಳಿದ್ರೂ ಮಾಡ್ತೀನಿ."

ಅಣ್ಣ ನನ್ನ ಮುಖ ನೋಡಿದರು. ನಾನು ಬೆಳಗ್ಗೆ ಚಹಾ ಕುಡಿಯುವಾಗ ಕೇಳಿದ್ದನ್ನೆಲ್ಲಾ ಹೇಳಿದೆ. ಸ್ವಲ್ಪ ಮಸಾಲೆ ಸೇರಿಸಿಯೇ ಹೇಳಿದೆ, ಅದು ನನ್ನ ಜಾಯಮಾನ. ಅವರು ಒಪ್ಪಿದರು.

ಅವಳು ಆ ಎಂಟನೇ ತರಗತಿಯ ಜೊತೆ ಪಟ್ಟ ಪಾಡನ್ನು ಬರೆದರೆ ಇನ್ನೊಂದು ಕಥೆಯಾಗುತ್ತದೆ. ಭಾಗಾಕಾರ ಬಾರದವರು ಇದ್ದರು, ಗದ್ದೆ ನಾಟಿ ಬಂತೆಂದರೆ ನಾಪತ್ತೆಯಾಗುವವರು ಇದ್ದರು, ಗಣಿತದ ಪಿರಿಯಡ್ ಬಂದರೆ ಹೊಟ್ಟೆನೋವು ಎನ್ನುವ ಮಾರುತಿ ಇದ್ದ. ಹೊಳೆದಂಡೆಯ ಮನೆಗಳಿಗೆ ಹೋಗಿ ತಾಯಂದಿರ ಹತ್ತಿರ ಕೂತು ಮಾತಾಡಿ ಬರುತ್ತಿದ್ದಳು. ಬೈಯುತ್ತಿದ್ದಳು ಕೂಡ, ಜಗಳೂರಿನ ಬೈಗುಳ ಕೇಳಿ ನಮ್ಮ ಹೊನ್ನಾಳಿಯ ಮಕ್ಕಳು ಮೊದಮೊದಲು ಕಣ್ಣು ಕಣ್ಣು ಬಿಟ್ಟಿದ್ದರು. ಆದರೆ ತಪ್ಪು ಉತ್ತರಕ್ಕೆ ಯಾವತ್ತೂ ಬೈದಿದ್ದನ್ನು ನಾನು ಕಾಣೆ. ನಾನು ನನ್ನ ಕುರ್ಚಿ ತಿರುಗಿಸಿಕೊಂಡು ಗಣಿತದ ಮೂಲೆಯ ಕಡೆ ಮುಖ ಮಾಡಿ ಕೂರಲು ಶುರುಮಾಡಿದ್ದೂ ಆಗಲೇ.

ಈ ವರ್ಷ ಆ ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ, ನಿವೃತ್ತಳಾಗಿದ್ದರೂ ಮನೆಯಲ್ಲಿ ಕೂರಲು ಮನಸ್ಸಾಗದೆ ಶಾಲೆಗೆ ಹೋದೆ. ಆಫೀಸಿನ ಕಂಪ್ಯೂಟರಿನ ಮುಂದೆ ಎಲ್ಲರೂ ಗುಂಪುಗೂಡಿದ್ದರು. ಅಂಬಿಕಾ ಮಾತ್ರ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು, ಒಳಗೆ ಬರಲು ಧೈರ್ಯವಿಲ್ಲ. ಒಂದೊಂದೇ ನಂಬರು ಹಾಕಿ ನೋಡುತ್ತಾ ಹೋದರು. ಮಾರುತಿಯ ನಂಬರು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವನೂ ಪಾಸು. ಗಣಿತದಲ್ಲಿ ಇಡೀ ತರಗತಿ ಪಾಸು.

ನಾನೇ ಹೊರಗೆ ಓಡಿ ಹೋಗಿ ಹೇಳಿದೆ. ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು, ಕುಣಿದಳು, ಅತ್ತಳು, ಎಲ್ಲ ಒಟ್ಟಿಗೇ. ಆಮೇಲೆ ಫೋನ್ ತೆಗೆದು ಜಗಳೂರಿಗೆ ಹಚ್ಚಿದಳು. ಅತ್ತ ಹೊನ್ನೂರಮ್ಮ ಹೊಲದಲ್ಲಿ ಕುರಿಗಳ ನಡುವೆ ಇದ್ದರೇನೋ, ಎರಡು ಊರಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದರು. ನನಗೂ ಸ್ಪಷ್ಟವಾಗಿ ಕೇಳಿತು.

"ಎಲ್ಲಾವೂ ದಾಟಿದ್ವೇನೇ?"

"ದಾಟಿದ್ವು ಅವ್ವ."

"ಒಂದೂ ಹಿಂದೆ ಉಳೀಲಿಲ್ವಾ?"

"ಒಂದೂ ಇಲ್ಲ ಅವ್ವ," ಎಂದಳು ಅಂಬಿಕಾ.